ಉಳಿಯೋಕೆ ದಾಸ್ತಾನು, ಹೊರಡೋಕೆ ಬ್ಯಾಗು

2023ರ ಏಪ್ರಿಲ್ 15, ಶನಿವಾರ ಸುಡಾನಿನ ರಾಜಧಾನಿ ಖಾರ್ಟೂಮಿನಲ್ಲಿ ಅಲ್ಲಿನ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಕಾಳಗ ಶುರುವಾಯಿತು. ವಿಮಾನ ನಿಲ್ದಾಣ ಅವತ್ತೇ ಬಂದ್. ಅಲ್ಲಿ ಸಿಲುಕಿದ ಭಾರತೀಯರನ್ನು ಕರೆತರಲು ಭಾರತ ‘ಆಪರೇಷನ್ ಕಾವೇರಿ’ ಘೋಷಿಸಿದ್ದು 24ರಂದು; ನೌಕಾಪಡೆಯ ಹಡಗು ಐಎನ್‌ಎಸ್ ಸುಮೇಧಾ ಮೊದಲ 278 ಜನರನ್ನು ಹತ್ತಿಸಿಕೊಂಡು ಬಂದರು ನಗರ ಪೋರ್ಟ್ ಸುಡಾನಿನಿಂದ ಸೌದಿಯ ಜೆಡ್ಡಾ ಕಡೆ ಹೊರಟಿದ್ದು 25ರಂದು. ನಡುವಿನ ಹತ್ತು ದಿನ ಖಾರ್ಟೂಮಿನಲ್ಲಿದ್ದ ಕುಟುಂಬಗಳು ಮನೆಯೊಳಗೇ.

ಆಫ್ರಿಕಾದಲ್ಲಿ, ಕೊಲ್ಲಿ ದೇಶಗಳಲ್ಲಿ ಸಂಸಾರ ಹೂಡಿರುವವರು ಮೊದಲು ಕೇಳೋದು “ಯಾವಾಗ ಹೊರಡಬೇಕು?” ಅಂತ. ಖಾರ್ಟೂಮಿನಲ್ಲಿ ಆ ತೀರ್ಮಾನ ಯಾರ ಕೈಯಲ್ಲೂ ಇರಲಿಲ್ಲ. ಕೈಯಲ್ಲಿರೋದು ಎರಡು ತಯಾರಿ: ಹತ್ತು ದಿನ ಬಾಗಿಲು ತೆರೆಯದೆ ಇರಲು ದಾಸ್ತಾನು, ಫೋನ್ ಬಂದ ಕಾಲು ಗಂಟೆಯಲ್ಲಿ ಹೊರಡಲು ಬ್ಯಾಗು. ಎರಡನ್ನೂ ಕಲಸಿಕೊಂಡರೆ ಬ್ಯಾಗಿನ ತುಂಬ ಅಕ್ಕಿ ಬೇಳೆ ಇರುತ್ತದೆ, ಜನನ ಪ್ರಮಾಣಪತ್ರ ಮಾತ್ರ ಬೀರುವಿನಲ್ಲೇ ಉಳಿಯುತ್ತದೆ.

ದಾಸ್ತಾನು ಅಂದರೆ ಮೊದಲು ನೀರು. ಖಾರ್ಟೂಮ್ ಉತ್ತರದ ಬಹ್ರಿಯ ನೀರು ಶುದ್ಧೀಕರಣ ಘಟಕ ಕಾಳಗದಲ್ಲಿ ನಿಂತುಹೋಗಿ, ನೈಲ್ ನದಿ ಪಕ್ಕದಲ್ಲೇ ಹರಿಯುತ್ತಿದ್ದರೂ ನಲ್ಲಿಗಳು ಒಣಗಿದವು. 40 ಡಿಗ್ರಿ ದಾಟುವ ಏಪ್ರಿಲ್‌ನಲ್ಲಿ ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ 5 ಲೀಟರ್ ಹಿಡಿಯಿರಿ. ನಾಲ್ಕು ಜನಕ್ಕೆ ಹತ್ತು ದಿನಕ್ಕೆ 200 ಲೀಟರ್, ಅಂದರೆ 20 ಲೀಟರಿನ ಹತ್ತು ಕ್ಯಾನ್. ತಾರಸಿಯ ಟ್ಯಾಂಕನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಒಂದು ಗುಂಡು ಬಿದ್ದರೆ ಪೂರ್ತಿ ಖಾಲಿ, ಮೇಲೆ ಹತ್ತಿ ನೋಡುವ ಹಾಗೂ ಇಲ್ಲ. ಗಲಾಟೆಯ ಮೊದಲ ಸುದ್ದಿಗೇ ಬಕೆಟ್, ಕುಕ್ಕರ್, ಪಾತ್ರೆ ಎಲ್ಲ ತುಂಬಿಸಿಡಿ.

ಆಮೇಲೆ ಸಿಗುವ ನೀರು ಕೆಸರಿನದ್ದೇ. ರಾತ್ರಿಯಿಡೀ ತಿಳಿಯಾಗಲು ಬಿಟ್ಟು, ಮೇಲಿನ ತಿಳಿಯನ್ನು ಹತ್ತಿ ಸೀರೆಯ ನಾಲ್ಕು ಮಡಿಕೆಯಲ್ಲಿ ಸೋಸಿ, ಕುದಿ ಬಂದ ಮೇಲೆ ಒಂದು ನಿಮಿಷ ಬಿಡಿ. ಗ್ಯಾಸ್ ಉಳಿಸಬೇಕಾದರೆ ವಾಸನೆ ಬೆರೆಸದ, 5–6 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ಇರುವ ಬಟ್ಟೆ ಬ್ಲೀಚ್ ಸಾಕು: ಲೀಟರಿಗೆ 2 ಹನಿ, ನೀರು ಇನ್ನೂ ಮಬ್ಬಾಗಿದ್ದರೆ 4. ಕಲಕಿ ಅರ್ಧ ಗಂಟೆ ಬಿಟ್ಟ ಮೇಲೆ ಮೂಗಿಗೆ ಕ್ಲೋರಿನ್ ಸಣ್ಣಗೆ ಹೊಡೆಯಬೇಕು. ಹೊಡೆಯದಿದ್ದರೆ ಅಷ್ಟೇ ಹನಿ ಇನ್ನೊಮ್ಮೆ ಹಾಕಿ ಕಾಲು ಗಂಟೆ ಕಾಯಿರಿ. ಸೋಸದೆ ಬ್ಲೀಚ್ ಹಾಕಿದರೆ ಅದರ ಶಕ್ತಿಯೆಲ್ಲ ಕೆಸರಿಗೇ ಖರ್ಚಾಗಿ ರೋಗಾಣು ಹಾಗೇ ಉಳಿಯುತ್ತವೆ.

ಊಟದ ವಿಷಯದಲ್ಲಿ ನಮ್ಮವರಿಗೆ ಅನುಕೂಲವೇ ಹೆಚ್ಚು. ತೆಳು ಅವಲಕ್ಕಿ, ರಾಗಿ ಹುರಿಹಿಟ್ಟು, ಚಟ್ನಿಪುಡಿ, ಬೆಲ್ಲ, ಕಡಲೆಕಾಯಿ ಯಾವುದಕ್ಕೂ ಒಲೆ ಬೇಡ. ಅಕ್ಕಿ ಮೂಟೆ ಇದ್ದೂ ಸಿಲಿಂಡರ್ ಮುಗಿದರೆ ಏನು ಮಾಡ್ತೀರಿ? ಒಬ್ಬರಿಗೆ ಒಂದು ಹೊತ್ತಿಗೆ 80 ಗ್ರಾಂ ಅವಲಕ್ಕಿ ಲೆಕ್ಕ ಹಾಕಿಕೊಳ್ಳಿ.

ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಕರೆಂಟ್ ಹೋದ ಕ್ಷಣದಿಂದ ತಲೆನೋವು. ಬಳಸುತ್ತಿರುವ ಸೀಸೆಗಳಲ್ಲಿ ಹೆಚ್ಚಿನವು ಫ್ರಿಜ್ ಹೊರಗೆ 28 ದಿನ ತಡೆಯುತ್ತವೆ ನಿಜ, ಆದರೆ 30 ಡಿಗ್ರಿಯೊಳಗೆ ಇಟ್ಟರೆ ಮಾತ್ರ. ದೊಡ್ಡ ಮಣ್ಣಿನ ಮಡಕೆಯೊಳಗೆ ಸಣ್ಣದೊಂದು ಮಡಕೆ ಇಟ್ಟು, ನಡುವೆ ಮರಳು ತುಂಬಿ ಒದ್ದೆ ಮಾಡಿ. ಒಳಗೆ ಸೀಸೆಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಬಾಯಿಗೆ ಒದ್ದೆ ಬಟ್ಟೆ ಮುಚ್ಚಿ, ಗಾಳಿಯಾಡುವ ನೆರಳಲ್ಲಿಡಿ. ಬೆಳಗ್ಗೆ ಸಂಜೆ ಮರಳಿಗೆ ನೀರು. ಖಾರ್ಟೂಮಿನ ಒಣ ಹವೆಗೆ ಇದು ಚೆನ್ನಾಗಿ ತಂಪಾಗುತ್ತದೆ. ಪೋರ್ಟ್ ಸುಡಾನಿನಂಥ ಕರಾವಳಿಯ ಜಿಗುಟು ಸೆಕೆಯಲ್ಲಿ ನೀರು ಆರುವುದೇ ಇಲ್ಲವಾದ್ದರಿಂದ ನೆಚ್ಚಿಕೊಳ್ಳಬೇಡಿ.

ಮಲಗೋದು ಕಿಟಕಿಯಿಲ್ಲದ ಪ್ಯಾಸೇಜಿನಲ್ಲಿ. ರಸ್ತೆಗೂ ನಿಮಗೂ ನಡುವೆ ಎರಡು ಗೋಡೆ ಇರಬೇಕು.

ಈಗ ಬ್ಯಾಗು. ದುಡ್ಡು ಅಂದರೆ ನೋಟು. ಅಮೆರಿಕದ ಹಿಂದಿನ ನಿರ್ಬಂಧಗಳ ಪರಿಣಾಮವಾಗಿ ಸುಡಾನಿನಲ್ಲಿ ನಮ್ಮ ಬ್ಯಾಂಕ್ ಕಾರ್ಡುಗಳು ಮೊದಲೇ ಬಹುತೇಕ ನಡೆಯುತ್ತಿರಲಿಲ್ಲ. ಹಣ ಕಳಿಸಲು ಅಲ್ಲಿನ ಜನ ನೆಚ್ಚಿಕೊಂಡಿದ್ದ ‘ಬಂಕಕ್’ ಬ್ಯಾಂಕಿಂಗ್ ಆ್ಯಪ್ ಕಾಳಗ ಶುರುವಾದ ಮೇಲೆ ಕೈಕೊಟ್ಟಿತು. ಬಸ್ಸಿನವರು ಡಾಲರ್ ಕೇಳಿದರು. 100ರ ನೋಟಾದರೆ 2013ರಲ್ಲಿ ಬಂದ ನೀಲಿ ಪಟ್ಟಿಯದ್ದೇ ಇರಲಿ, ಹಳೆಯದನ್ನೂ ಹರಿದದ್ದನ್ನೂ ಆ ಕಡೆ ಬಹಳ ಮಂದಿ ಮುಟ್ಟುವುದಿಲ್ಲ. ಅರ್ಧ ದುಡ್ಡು 5, 10, 20ರ ನೋಟುಗಳಲ್ಲಿರಲಿ. ಚಿಲ್ಲರೆ ಇಲ್ಲದವರು 20ರ ಕೆಲಸಕ್ಕೆ 100 ಕೊಡುತ್ತಾರೆ. ಎಲ್ಲವನ್ನೂ ಒಬ್ಬರ ಜೇಬಿನಲ್ಲೇ ಇಡಬೇಡಿ.

ಕಾಗದಗಳಲ್ಲಿ ಹೆಚ್ಚು ಕೈಕೊಡೋದು ಪಾಸ್‌ಪೋರ್ಟ್: ಕಂಪನಿಯ ಲಾಕರಿನಲ್ಲೋ, ವೀಸಾ ನವೀಕರಣಕ್ಕೆಂದು ಯಾವುದೋ ಕಚೇರಿಯಲ್ಲೋ ಕೂತಿರುತ್ತದೆ. ಅಂಥವರಿಗೆ ರಾಯಭಾರ ಕಚೇರಿ ಊರಿಗೆ ಮರಳುವ ಮಟ್ಟಿಗೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತದೆ. ಹಳೆ ಪಾಸ್‌ಪೋರ್ಟಿನ ಜೆರಾಕ್ಸ್, ನಾಲ್ಕಾರು ಫೋಟೋ ಇದ್ದರೆ ಕೆಲಸ ಬೇಗ ಆಗುತ್ತದೆ. ಅಲ್ಲೇ ಹುಟ್ಟಿದ ಕೂಸಿನದು ಬೇರೆ ಕತೆ. ಪೌರತ್ವ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಒಂದು ವರ್ಷದೊಳಗೆ ದೂತಾವಾಸದಲ್ಲಿ ನೋಂದಾಯಿಸಬೇಕು, ತಪ್ಪಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. “ಮುಂದಿನ ತಿಂಗಳು ನೋಡೋಣ” ಅನ್ನೋದು ಶಾಂತಿಯ ಕಾಲದ ಮಾತು.

ರಾಯಭಾರ ಕಚೇರಿಯಲ್ಲಿ ಹೆಸರು, ವಿಳಾಸ ದಾಖಲಿಸಿರುವುದು ರಾಜಧಾನಿಯ ಹೊರಗಿರುವವರಿಗೆ ಇನ್ನೂ ಮುಖ್ಯ. ಗಿಡಮೂಲಿಕೆ ಔಷಧಿ, ಎಣ್ಣೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಸಿಕ್ಕಿಬಿದ್ದದ್ದು ದೂರದ ದಾರ್ಫುರ್‌ನ ಎಲ್ ಫಾಶರ್‌ನಲ್ಲಿ. ಖಾರ್ಟೂಮಿನಿಂದಲೇ ಪೋರ್ಟ್ ಸುಡಾನ್ ಸುಮಾರು 850 ಕಿ.ಮೀ.; ಅವರಿಗೆ ಅದರ ಎಷ್ಟೋ ಪಟ್ಟು ಕಷ್ಟದ ಹಾದಿ.

ಆ ಹಾದಿಯಲ್ಲಿ ಒಂದಾದ ಮೇಲೊಂದು ಚೆಕ್‌ಪೋಸ್ಟ್. ಗಾಜು ಇಳಿಸಿ, ರಾತ್ರಿಯಾದರೆ ಒಳಗಿನ ದೀಪ ಹಾಕಿ, ಕೈ ಕಾಣುವ ಹಾಗಿಟ್ಟು, ಅರಬ್ಬಿ ಬಲ್ಲ ಒಬ್ಬರೇ ಮಾತಾಡಲಿ. ಸೈನಿಕರ, ಹೊಗೆಯ, ಸುಟ್ಟ ವಾಹನಗಳ ಫೋಟೋ ಫೋನಿನಲ್ಲಿದ್ದರೆ ಹೊರಡುವ ಮೊದಲೇ ಅಳಿಸಿ. ‘ಡಿಲೀಟೆಡ್’ ಫೋಲ್ಡರನ್ನೂ ಖಾಲಿ ಮಾಡಿ. ಮಕ್ಕಳಿಗೆ ಲೀಟರ್ ನೀರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿದ ಬಾಟಲಿ ಜೊತೆಗಿರಲಿ.

ಎಲ್ಲ ದಾಟಿ ಬಂದವರಲ್ಲಿ ಕೆಲವರನ್ನು ಬೆಂಗಳೂರಿನಲ್ಲಿ ಇಳಿದ ಮೇಲೂ ಮನೆಗೆ ಬಿಡದೆ ಕ್ವಾರಂಟೈನ್‌ಗೆ ಕಳಿಸಿದರು. ಕಾರಣ, ಹಳದಿ ಜ್ವರದ ಲಸಿಕೆ ಕಾರ್ಡ್ ಇಲ್ಲ. ಅದು ಚುಚ್ಚಿಸಿಕೊಂಡ ಹತ್ತು ದಿನದ ನಂತರವಷ್ಟೇ ಊರ್ಜಿತ, ಆಮೇಲೆ ಜೀವನಪರ್ಯಂತ. ಗಲಾಟೆ ಶುರುವಾದ ಮೇಲೆ ಹಾಕಿಸಿಕೊಳ್ಳಲು ಆಸ್ಪತ್ರೆ ತೆರೆದಿರುವುದಿಲ್ಲ. ಇಡೀ ಕುಟುಂಬದ ಹಳದಿ ಕಾರ್ಡುಗಳನ್ನು ಪಾಸ್‌ಪೋರ್ಟುಗಳ ಜೊತೆ ಒಂದೇ ಜಿಪ್ ಕವರಿನಲ್ಲಿ ಹಾಕಿಡಿ.