ರಿನೆಲ್ಲಾ ಕೋಟೆ: ಒಂದೇ ಒಂದು ತೋಪಿಗಾಗಿ ಕಟ್ಟಿದ್ದು

ಮಾಲ್ಟಾದ ವ್ಯಾಲೆಟ್ಟಾದಲ್ಲಿ ಅಪ್ಪರ್ ಬರಾಕ್ಕಾ ಉದ್ಯಾನದ ಲಿಫ್ಟ್‌ನಲ್ಲಿ ಇಳಿದರೆ ದೋಣಿಕಟ್ಟೆ ಹತ್ತಿರವೇ. ಬಂದರಿನ ಆಚೆ ದಡಕ್ಕೆ ದೋಣಿ, ಅಲ್ಲಿಂದ ಕಲ್ಕಾರಾ ಊರು ದಾಟಿ ರಿನೆಲ್ಲಾ ಕೋಟೆಗೆ ನಡಿಗೆ. ಚಲನಚಿತ್ರ ಸ್ಟುಡಿಯೊ ಕಂಡರೆ ದಾರಿ ಸರಿಯಿದೆ ಎಂದರ್ಥ. ನೆರಳು ಕಡಿಮೆ, ಬೆಳಿಗ್ಗೆಯೇ ಹೊರಡಿ. ತೆರೆಯುವ ದಿನ, ವೇಳೆ ಬದಲಾಗುತ್ತಿರುತ್ತವೆ, ಮೊದಲೇ ವಿಚಾರಿಸಿಕೊಳ್ಳಿ.

ದೂರದಿಂದ ಕೋಟೆ ಕಾಣುವುದೇ ಇಲ್ಲ. ಶತ್ರು ಹಡಗಿಗೆ ಗುರಿ ಸಿಗಬಾರದೆಂದು ನೆಲಮಟ್ಟಕ್ಕೆ ಅಡಗಿಸಿ ಕಟ್ಟಿದ್ದಾರೆ. ಎತ್ತರದ ಗೋಡೆ, ಬುರುಜುಗಳನ್ನು ಹುಡುಕಬೇಡಿ. ಸುತ್ತ ಕಂದಕ, ಅದನ್ನು ಕಾಯಲು ಬಂದೂಕಿನ ಕಿಂಡಿಗಳು, ನಡುವೆ 100 ಟನ್ನಿನ ಆರ್ಮ್‌ಸ್ಟ್ರಾಂಗ್ ತೋಪು. ಬೇರೆ ತೋಪೇ ಇಲ್ಲ.

ಇಟಲಿಯ ದುಯಿಲಿಯೊ, ದಾಂದೊಲೊ ಯುದ್ಧನೌಕೆಗಳಿಗೆ ಇಂಥ ನಾಲ್ಕು ನಾಲ್ಕು ತೋಪುಗಳನ್ನು ಮಾಡಿಕೊಟ್ಟದ್ದು ಇಂಗ್ಲೆಂಡಿನ ಆರ್ಮ್‌ಸ್ಟ್ರಾಂಗ್ ಕಂಪನಿಯೇ. ಅವುಗಳಿಗೆ ಹೆದರಿ, ಆಗ ಮಾಲ್ಟಾವನ್ನು ಆಳುತ್ತಿದ್ದ ಬ್ರಿಟಿಷರು ಅದೇ ಕಂಪನಿಯಿಂದ ನಾಲ್ಕನ್ನು ತರಿಸಿ, ಎರಡನ್ನು ಮಾಲ್ಟಾಕ್ಕೆ, ಎರಡನ್ನು ಜಿಬ್ರಾಲ್ಟರ್‌ಗೆ ಕೊಟ್ಟರು. ರಿನೆಲ್ಲಾದ ತೋಪು 1882ರಲ್ಲಿ ದ್ವೀಪಕ್ಕೆ ಬಂತು. ರಿನೆಲ್ಲಾ ಕೊಲ್ಲಿಯಿಂದ ಕೋಟೆಯವರೆಗೆ ಅದನ್ನು ಸಾಗಿಸಲು ನೂರು ಮಂದಿಗೆ ಸುಮಾರು ಮೂರು ತಿಂಗಳು ಹಿಡಿಯಿತು.

ಎಲ್ಲರೂ ನೇರವಾಗಿ ತೋಪಿನ ಮುಂದೆ ಫೋಟೊಗೆ ನಿಲ್ಲುತ್ತಾರೆ. ನಮ್ಮ ಸಲಹೆ: ಮೊದಲು ಕೆಳಗಿಳಿದು ಮದ್ದಿನ ಕೋಣೆಗಳನ್ನು ನೋಡಿ, ಆಮೇಲೆ ಮೇಲೆ ಬನ್ನಿ. ಇದು ಬಾಯಿಯಿಂದ ತುಂಬುವ ತೋಪು. ಗುಂಡು ಸುಮಾರು 900 ಕಿಲೊ, ಮದ್ದು 200 ಕಿಲೊಗೂ ಹೆಚ್ಚು. ತೋಳ್ಬಲದಲ್ಲಿ ತುಂಬುವ ಮಾತಲ್ಲ. ಅದಕ್ಕೇ ಉಗಿಯಂತ್ರದಿಂದ ನಡೆಯುವ ಹೈಡ್ರಾಲಿಕ್ (ನೀರಿನ ಒತ್ತಡದ) ವ್ಯವಸ್ಥೆ. ತೋಪನ್ನು ಪಕ್ಕಕ್ಕೆ ತಿರುಗಿಸಿ, ಬಾಯನ್ನು ತಗ್ಗಿಸಿ, ತುಂಬುವ ಕೋಣೆಯ ಕಂಡಿಗೆ ಸರಿಯಾಗಿ ಹೊಂದಿಸುತ್ತಿದ್ದರು. ಒಳಗಿನ ಕಿಡಿ ಆರಲು ನಳಿಗೆಯನ್ನು ನೀರಿನಿಂದ ತೊಳೆದು, ಮೊದಲು ಮದ್ದು, ಹಿಂದೆಯೇ ಗುಂಡು ನೂಕುತ್ತಿದ್ದರು. ಒಂದೇ ಒಂದು ಕೆಂಡ ಉಳಿದಿದ್ದರೂ ಹೊಸ ಮದ್ದು ಅಲ್ಲೇ ಹೊತ್ತಿಕೊಳ್ಳುವ ಅಪಾಯ. ತುಂಬುವ ಕೋಣೆ ಎಡಕ್ಕೊಂದು, ಬಲಕ್ಕೊಂದು: ಒಂದು ಕಡೆಯದು ಹಾರುವಷ್ಟರಲ್ಲಿ ಇನ್ನೊಂದು ಕಡೆ ಸಿದ್ಧ. ಇಷ್ಟಾದರೂ ಆರು ನಿಮಿಷಕ್ಕೆ ಒಂದೇ ಗುಂಡು. ಜಿಬ್ರಾಲ್ಟರ್‌ನ ನೇಪಿಯರ್ ಬ್ಯಾಟರಿ ಎಂಬ ತೋಪುನೆಲೆಯವರು ಎರಡೂವರೆ ನಿಮಿಷಕ್ಕೆ ಇಳಿಸಿದ್ದರಂತೆ. ಅಲ್ಲಿನ ನಳಿಗೆ ಸೀಳಿ, ಬೇರೆ ಬ್ಯಾಟರಿಯ ತೋಪನ್ನು ತಂದು ಕೂರಿಸಬೇಕಾಯಿತು.

ಮೇಲೆ ಬಂದು ಬಾಯಿಯ ಎದುರು ನಿಂತು ನೋಡಿ. 45 ಸೆಂಟಿಮೀಟರ್ ಅಗಲ, ಒಳಗೆ ತಿರುಚಿಕೊಂಡು ಸಾಗುವ ಗೆರೆಗಳು. ಈ ತೋಪು ಯುದ್ಧದಲ್ಲಿ ಒಮ್ಮೆಯೂ ಗುಂಡು ಹಾರಿಸಲಿಲ್ಲ. ಹಿಂಬದಿಯಿಂದ ತುಂಬುವ, ಬೇಗ ಹಾರಿಸುವ ತೋಪುಗಳು ಬಂದಿದ್ದವು. 1906ರಲ್ಲಿ ಇದನ್ನು ಸೇವೆಯಿಂದ ಕೈಬಿಟ್ಟರು. 1991ರಿಂದ ಫೊಂಡಾಜ್ಜೊನಿ ವಿರ್ಟ್ ಆರ್ಟ್ನಾ ಸಂಸ್ಥೆ ಕೋಟೆಯನ್ನು ದುರಸ್ತಿ ಮಾಡಿ ಕಾಪಾಡುತ್ತಿದೆ.