ಬೆರಳಿಟ್ಟರೆ ಮಾತ್ರ ಕಾಣುವ ಮಳೆ

ಕಳೆದ ಮಳೆಗಾಲದ ರಜಾದಿನಗಳಲ್ಲಿ ಡೊಂಬಿವಲಿಯ ಮನೆಯಲ್ಲಿ ಕುಳಿತು, 2005ರ ಜುಲೈ 26ರ ಮುಂಬಯಿ ಮಳೆಯ ಕುರಿತು ಒಂದು ವೆಬ್ ನಕಾಶೆಯನ್ನು ಸಿದ್ಧಪಡಿಸಿದೆ. ಮರುದಿನ ಬೆಳಿಗ್ಗೆಯವರೆಗಿನ 24 ಗಂಟೆಗಳಲ್ಲಿ ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ 944 ಮಿಲಿಮೀಟರ್ ಮಳೆ ದಾಖಲಾದರೆ, ಅದೇ ನಗರದ ಕೊಲಾಬಾದಲ್ಲಿ ದಾಖಲಾದದ್ದು ಸುಮಾರು 73 ಮಿಲಿಮೀಟರ್ ಮಾತ್ರ. ಎರಡರ ಸರಾಸರಿ ತೆಗೆದರೆ 508ರ ಆಸುಪಾಸಿನ ಒಂದು ಸಂಖ್ಯೆ ಬರುತ್ತದೆ. ಅಷ್ಟು ಮಳೆ ಈ ಎರಡು ಕಡೆಗಳಲ್ಲಿ ಎಲ್ಲಿಯೂ ಬಿದ್ದಿರಲಿಲ್ಲ. ಈ ಅಂತರವನ್ನು ಕಣ್ಣಿಗೆ ಕಾಣಿಸಬೇಕೆಂಬುದೇ ನನ್ನ ಉದ್ದೇಶವಾಗಿತ್ತು.

ಅಂಕಿಗಳನ್ನು ಚಿತ್ರಕ್ಕೆ ಜೋಡಿಸಲು, 2011ರಲ್ಲಿ ಹೊರಬಂದ ಡಿ3 ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯನ್ನು, ಅಂದರೆ ವೆಬ್ ಪುಟಗಳಿಗಾಗಿ ಮೊದಲೇ ಬರೆದಿಟ್ಟ ಕೋಡಿನ ಸಂಗ್ರಹವನ್ನು, ಬಳಸಿದೆ. ನಕಾಶೆ ಅಚ್ಚುಕಟ್ಟಾಗಿ ಕಾಣಲೆಂದು, ಊರನ್ನು ಸೂಚಿಸುವ ವೃತ್ತದ ಮೇಲೆ ಮೌಸ್ ತಂದಾಗ ಮಾತ್ರ ಊರಿನ ಹೆಸರೂ ಮಳೆಯ ಪ್ರಮಾಣವೂ ಮೂಡುವಂತೆ ಮಾಡಿದೆ. ಉಡುಪಿಯ ಕಡೆಯವರಾದ ನೆರೆಮನೆಯ ಹಿರಿಯರು ಅದನ್ನು ಮೊಬೈಲಿನಲ್ಲಿ ತೆರೆದು, "ಚಂದ ಉಂಟು ಮಾರಾಯ, ಆದರೆ ಮಳೆ ಎಷ್ಟು ಬಂತು ಅಂತ ಎಲ್ಲಿ ಬರೆದಿದ್ದಿ?" ಎಂದು ಕೇಳಿದರು. ಮೊಬೈಲಿನಲ್ಲಿ ಮೌಸ್ ಇಲ್ಲ. ಸಣ್ಣ ವೃತ್ತವನ್ನು ಒತ್ತಿದರೆ ಬೆರಳೇ ಅದನ್ನು ಮುಚ್ಚಿಬಿಡುತ್ತದೆ. ಹೇಳಲೇಬೇಕಾದ ಎರಡು ಸಂಖ್ಯೆಗಳನ್ನೇ ನಾನು ಅಡಗಿಸಿಟ್ಟಿದ್ದೆ.

ಮೊದಲು ಇಡೀ ನೋಟ, ಆಮೇಲೆ ಹತ್ತಿರದ ನೋಟ ಮತ್ತು ಸೋಸುವಿಕೆ, ಕೇಳಿದಾಗ ವಿವರ ಎಂಬ ಕ್ರಮವನ್ನು ಗಣಕ ವಿಜ್ಞಾನಿ ಬೆನ್ ಶ್ನೈಡರ್‌ಮನ್ 1996ರಲ್ಲೇ ಸೂಚಿಸಿದ್ದಾರೆ. ಅದರ ಕೊನೆಯ ಭಾಗವನ್ನಷ್ಟೇ ಹಿಡಿದುಕೊಂಡು ಮೊದಲ ಭಾಗವನ್ನು ಕೈಬಿಟ್ಟದ್ದು ನನ್ನ ತಪ್ಪು. ಓದುಗನು ಏನನ್ನೂ ಮುಟ್ಟದಿದ್ದರೂ ಮುಖ್ಯ ಸಂಗತಿ ಅವನಿಗೆ ತಲುಪಬೇಕು. ಮುಟ್ಟುವಿಕೆ ಇರಬೇಕಾದದ್ದು ಅವನ ಸ್ವಂತ ಪ್ರಶ್ನೆಗಾಗಿ ಎಂದು ಈಗ ದೃಢವಾಗಿ ನಂಬಿದ್ದೇನೆ.

ಆದ್ದರಿಂದ ಎರಡೂ ಸಂಖ್ಯೆಗಳನ್ನು ವೃತ್ತಗಳ ಪಕ್ಕದಲ್ಲಿಯೇ ಬರೆದೆ. ಆಗ ಕನ್ನಡ ಲಿಪಿಯ ತೊಡಕು ಎದುರಾಯಿತು. ರೋಮನ್ ಅಕ್ಷರಗಳಿಗೆಂದು ಅಳೆದಿದ್ದ ಹೆಸರಿನ ಚೌಕಟ್ಟಿನೊಳಗೆ 'ಸಾಂತಾಕ್ರೂಜ್' ಎಂದು ಬರೆದಾಗ 'ಕ್ರೂ'ವಿನ ಒತ್ತಕ್ಷರದ ತುದಿ ಕತ್ತರಿಸಿಹೋಯಿತು. ಎಸ್‌ವಿಜಿ ಎಂಬ ವೆಬ್ ಚಿತ್ರರೂಪದಲ್ಲಿ ಉದ್ದನೆಯ ಸಾಲು ತಾನಾಗಿ ಮುರಿಯುವುದೂ ಇಲ್ಲ. ಚೌಕಟ್ಟಿನ ಎತ್ತರವನ್ನು ಹೆಚ್ಚಿಸಿ, ಸಾಲುಗಳನ್ನು ಕೈಯಾರೆ ಮುರಿದು ಸರಿಪಡಿಸಲು ಎರಡು ಸಂಜೆಗಳು ಬೇಕಾದವು.

ತಿದ್ದಿದ ಪುಟವನ್ನು ಮತ್ತೆ ತೋರಿಸಿದಾಗ ಹಿರಿಯರು ಕುರ್ಲಾದ ಮೇಲೆ ಬೆರಳಿಟ್ಟರು. ಅಂದು ರಾತ್ರಿಯಿಡೀ ಅವರು ಅಲ್ಲಿ ಸಿಕ್ಕಿಹಾಕಿಕೊಂಡಿದ್ದರಂತೆ. ನನ್ನ ಬಳಿ ಇದ್ದ ಅಂಕಿಗಳಲ್ಲಿ ಕುರ್ಲಾ ಇರಲಿಲ್ಲ. ಸುತ್ತಲಿನ ಅಂಕಿಗಳಿಂದ ಅಂದಾಜು ಮಾಡಿ ಬಣ್ಣ ತುಂಬುವುದು ಸುಲಭವಿತ್ತು. ಆದರೆ ಹಾಗೆ ತುಂಬಿದ ಬಣ್ಣ ಅಳೆದ ಮಳೆಯಂತೆಯೇ ಕಾಣುತ್ತಿತ್ತು. ಆ ಜಾಗವನ್ನು ಬಿಳಿಯಾಗಿಯೇ ಬಿಟ್ಟು, 'ಇಲ್ಲಿನ ಅಳತೆ ಈ ಪಟ್ಟಿಯಲ್ಲಿಲ್ಲ' ಎಂದು ಬರೆದಿದ್ದೇನೆ.