ಕಾಲೇಜು ಕ್ಯಾಚರ್‌ನನ್ನು ಡ್ರಾಫ್ಟ್‌ಗೆ ತೂಗುವಾಗ

ಅಮೆರಿಕದ ಕಾಲೇಜು ಬೇಸ್‌ಬಾಲ್‌ನ ಕ್ಯಾಚರ್, ಅಂದರೆ ಬ್ಯಾಟರ್‌ನ ಹಿಂದೆ ಕೂತು ಪಿಚರ್ ಎಸೆದ ಚೆಂಡು ಹಿಡಿಯುವವನು, ಡ್ರಾಫ್ಟ್‌ಗೆ (ವೃತ್ತಿಪರ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪದ್ಧತಿಗೆ) ತಕ್ಕವನೇ ಎಂದು ತೂಗುವುದು ಹೀಗೆ. ಇನ್ನಿಂಗ್ಸ್ ಶುರುವಾಗುವ ಮುಂಚೆ ಅವನು ಎರಡನೇ ಬೇಸ್‌ಗೆ ಎಸೆಯುವ ಚೆಂಡಿಗೆ ಸ್ಟಾಪ್‌ವಾಚ್ ಒತ್ತಿ 1.88 ಸೆಕೆಂಡ್ ಎಂದು ಬರೆದುಕೊಂಡರೆ ಅದು ಅಭ್ಯಾಸದ ಲೆಕ್ಕ, ಆಟದ ಲೆಕ್ಕವಲ್ಲ. ಚೆಂಡು ಎಲ್ಲಿಗೆ ಬರುತ್ತದೆಂದು ಅವನಿಗೆ ಗೊತ್ತು, ಅರ್ಧ ಎದ್ದುಕೊಂಡೇ ಹಿಡಿಯುತ್ತಾನೆ. ಅದೇ ಹುಡುಗ, ರನ್ನರ್ ಎರಡನೇ ಬೇಸ್ ಕದಿಯಲು ಓಡುತ್ತಿರುವಾಗ, ನೆಲಕ್ಕೆ ತಾಗುವಂಥ ಸ್ಲೈಡರ್ (ಕೊನೆಯಲ್ಲಿ ಬದಿಗೂ ಕೆಳಕ್ಕೂ ತಿರುಗುವ ಚೆಂಡು) ಹಿಡಿದು ಎಸೆದರೆ 2.05 ಆಗುವುದುಂಟು. ವರದಿಗೆ ಹೋಗಬೇಕಾದದ್ದು ಈ ಎರಡನೆಯ ಅಂಕಿ.

ಅದನ್ನೂ ಒಡೆದು ನೋಡಬೇಕು. ವೃತ್ತಿಪರ ಬೇಸ್‌ಬಾಲ್‌ನ ಮೇಲಿನ ಹಂತವಾದ ಮೇಜರ್ ಲೀಗ್‌ನಲ್ಲಿ ಪಾಪ್ ಟೈಮ್‌ನ (ಚೆಂಡು ಕ್ಯಾಚರ್‌ನ ಗ್ಲವ್ ಸೇರಿದಾಗಿನಿಂದ ಎರಡನೇ ಬೇಸ್ ತಲುಪುವವರೆಗಿನ ಸಮಯದ) ಸರಾಸರಿ ಹೆಚ್ಚುಕಡಿಮೆ 2.0 ಸೆಕೆಂಡ್; 1.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಬಲು ಚೆನ್ನ. ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್‌ನಿಂದ ಎರಡನೇ ಬೇಸ್‌ಗೆ ಸುಮಾರು 127 ಅಡಿ. ಗಂಟೆಗೆ 85 ಮೈಲಿ ವೇಗದ ಎಸೆತ ಅಷ್ಟು ದೂರ ಹೋಗಲು ಒಂದು ಸೆಕೆಂಡಿಗಿಂತ ತುಸು ಹೆಚ್ಚು ಸಾಕು. ಮಿಕ್ಕಿದ್ದೆಲ್ಲ ಗ್ಲವ್‌ನಿಂದ ಚೆಂಡು ತೆಗೆದು ಕಾಲು ತಿರುಗಿಸುವುದರಲ್ಲಿ ಕಳೆಯುತ್ತದೆ. ಇಬ್ಬರು 1.98 ತೋರಿಸಿದರೆ, ಒಬ್ಬನದು ತೋಳಿನ ಬಲ, ಇನ್ನೊಬ್ಬನದು ಕೈಚಳಕ. ನಾನಾದರೆ ಮೊದಲನೆಯವನನ್ನೇ ಆರಿಸುತ್ತೇನೆ. ಕಾಲಿನ ಕೆಲಸವನ್ನು ತಿದ್ದಬಹುದು. ತೋಳಿಗೆ ಇಲ್ಲದ ವೇಗವನ್ನು ತಂದು ತುಂಬುವುದು ಬಹಳ ಕಷ್ಟ.

ಎಷ್ಟು ರನ್ನರ್‌ಗಳನ್ನು ಔಟ್ ಮಾಡಿದ ಎಂಬ ಶೇಕಡಾವಾರನ್ನು ಅವನೊಬ್ಬನ ಲೆಕ್ಕಕ್ಕೆ ಬರೆಯಬೇಡಿ. ಒಳ್ಳೆಯ ಓಟಗಾರನಿಗೆ ಎರಡನೇ ಬೇಸ್ ಮುಟ್ಟಲು 3.4 ಸೆಕೆಂಡ್ ಸಾಕು. ಪಿಚರ್ 1.3 ಸೆಕೆಂಡಿನಲ್ಲಿ ಚೆಂಡನ್ನು ಕ್ಯಾಚರ್‌ಗೆ ಮುಟ್ಟಿಸಿದರೆ 2.0ರ ಕ್ಯಾಚರ್‌ಗೂ ಅವಕಾಶವಿದೆ, 1.5 ತೆಗೆದುಕೊಂಡರೆ 1.9ರವನೂ ಸೋಲುತ್ತಾನೆ. ಹಾಗಾಗಿ ಪಿಚರ್‌ನ ಸಮಯವನ್ನೂ ಪಕ್ಕದಲ್ಲೇ ಬರೆದಿಡಿ.

ಎಸೆತಕ್ಕಿಂತ ನೂರು ಪಾಲು ಹೆಚ್ಚು ಸಲ ನಡೆಯುವುದು ಹಿಡಿತ, ಅಂದರೆ ಪಿಚರ್‌ನ ಚೆಂಡನ್ನು ಗ್ಲವ್‌ಗೆ ತೆಗೆದುಕೊಳ್ಳುವ ರೀತಿ. ಪ್ಲೇಟ್‌ನ ನೇರ ಹಿಂದೆ ಕೂತರೆ ಅವನ ಬೆನ್ನೇ ಗ್ಲವ್‌ಗೆ ಅಡ್ಡ, ಆದ್ದರಿಂದ ಸೆಂಟರ್ ಫೀಲ್ಡ್ ಕ್ಯಾಮೆರಾದ ವಿಡಿಯೊ ಬೇಕೇ ಬೇಕು. ಮೊಣಕಾಲೆತ್ತರದ ಸಿಂಕರ್ (ಕೆಳಕ್ಕಿಳಿಯುವ ವೇಗದ ಚೆಂಡು) ಬರುವಾಗ ನಿಲ್ಲಿಸಿ ನೋಡಿ: ಗ್ಲವ್ ಮೊದಲೇ ಚೆಂಡಿಗಿಂತ ಕೆಳಗಿದ್ದು ಮೇಲೆ ಬರುತ್ತಿದೆಯೇ, ಇಲ್ಲ ಚೆಂಡಿನ ಜೊತೆಗೇ ಕೆಳಗೆ ಜಾರುತ್ತಿದೆಯೇ? ಜಾರಿದರೆ ಅಂಪೈರ್ ಕಣ್ಣಿಗೆ ಸ್ಟ್ರೈಕ್ (ಬ್ಯಾಟರ್‌ಗೆ ವಿರುದ್ಧವಾದ ಲೆಕ್ಕ) ಆಗಬೇಕಾದದ್ದು ಬಾಲ್ (ಅವನ ಪರವಾದ ಲೆಕ್ಕ) ಆಗುತ್ತದೆ. ಕಾರಣ ಸಾಮಾನ್ಯವಾಗಿ ಮಣಿಕಟ್ಟಲ್ಲ, ತಡವಾಗಿ ಹೊರಟ ಕೈ. 2026ರಿಂದ ಮೇಜರ್ ಲೀಗ್‌ನಲ್ಲಿ ಪಿಚ್ (ಪಿಚರ್‌ನ ಎಸೆತ) ಬಗೆಗಿನ ಅಂಪೈರ್ ತೀರ್ಪನ್ನು ಪ್ರಶ್ನಿಸುವ ಪದ್ಧತಿ ಬಂದಿದೆ. ತಂಡಕ್ಕೆ ಎರಡು ಅವಕಾಶ, ಪ್ರಶ್ನೆ ಸರಿಯಾದರೆ ಅದು ಉಳಿಯುತ್ತದೆ. ಕೇಳಬಹುದಾದವರು ಪಿಚರ್, ಕ್ಯಾಚರ್, ಬ್ಯಾಟರ್ ಮಾತ್ರ. ಇದರಿಂದ ಹಿಡಿತದ ಬೆಲೆ ಇಲ್ಲವಾಗಿಲ್ಲ, ಪ್ರಶ್ನಿಸದೆ ಬಿಟ್ಟ ಪಿಚ್‌ಗಳೇ ಹೆಚ್ಚು. ಜೊತೆಗೆ ಸ್ಟ್ರೈಕ್ ವಲಯದ ಅಂಚು ಕ್ಯಾಚರ್‌ಗೆ ಎಷ್ಟು ನಿಖರವಾಗಿ ಗೊತ್ತು ಎನ್ನುವುದೂ ಈಗ ತೂಗಬೇಕಾದ ಗುಣ.

ನೆಲಕ್ಕೆ ಬಡಿಯುವ ಚೆಂಡನ್ನು ತಡೆಯುವಾಗ ಎರಡೂ ಮೊಣಕಾಲು ಊರಿ, ಗ್ಲವ್ ತೊಡೆಗಳ ನಡುವೆ ನೆಲಕ್ಕೆ ಒತ್ತಿ, ಗಲ್ಲ ಒಳಗೆಳೆದು, ಭುಜ ಮುಂದೆ ಬಾಗಿಸಬೇಕು. ಚೆಂಡು ಎದೆಗೆ ತಾಗಿ ಕೈಗೆಟಕುವಲ್ಲೇ ಸತ್ತು ಬೀಳಬೇಕು. ಸೋಮಾರಿ ಕ್ಯಾಚರ್ ಮೈ ಸರಿಸದೆ ಗ್ಲವ್ ಮಾತ್ರ ಚಾಚುತ್ತಾನೆ. ಹತ್ತರಲ್ಲಿ ಎಂಟು ಸಿಕ್ಕಿದರೂ ಉಳಿದೆರಡು ಬೇಲಿಗೆ ಹೋಗುತ್ತವೆ. ಅಂಕಿಪಟ್ಟಿಯಲ್ಲಿ ಕಾಣದ ನಷ್ಟ ಇನ್ನೊಂದಿದೆ. ಮೂರನೇ ಬೇಸ್‌ನಲ್ಲಿ ರನ್ನರ್, ಎರಡು ಸ್ಟ್ರೈಕ್ ಆಗಿದೆ; ಇನ್ನೊಂದಾದರೆ ಬ್ಯಾಟರ್ ಔಟ್, ಆದರೆ ಚೆಂಡು ಕ್ಯಾಚರ್‌ನನ್ನು ದಾಟಿದರೆ ರನ್ನರ್ ಹೋಮ್ ಸೇರಿ ರನ್ ಗಳಿಸಬಹುದು. ಆಗ ಪಿಚರ್ ಸ್ಲೈಡರನ್ನು ನೆಲಕ್ಕೆ ಹೂಳುವ ಧೈರ್ಯ ಮಾಡುತ್ತಾನೆಯೇ? ಕ್ಯಾಚರ್ ಮೇಲೆ ನಂಬಿಕೆ ಇಲ್ಲದಿದ್ದರೆ ಚೆಂಡು ಮೇಲೆಯೇ ಉಳಿಯುತ್ತದೆ, ಹೊಡೆತ ತಿನ್ನುತ್ತದೆ.

ಯಾವ ಪಿಚ್ ಎಸೆಯಬೇಕೆಂದು ಬಹುತೇಕ ಕಾಲೇಜುಗಳಲ್ಲಿ ಕೋಚ್ ಡಗೌಟ್‌ನಿಂದಲೇ ಹೇಳುತ್ತಾರೆ. ಹಾಗಾಗಿ ಕ್ಯಾಚರ್‌ನ ಆಟ ನಡೆಸುವ ಬುದ್ಧಿಗೆ ಅಂಕ ಕೊಡುವ ಮುಂಚೆ ಆ ಕೆಲಸ ಯಾರದು ಎಂದು ಕೇಳಿ. ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಪಿಚ್‌ಗಳನ್ನು ತಾನೇ ಆರಿಸಿ ಹೇಳುತ್ತಿದ್ದ ಕ್ಯಾಚರ್ ಜೋಯಿ ಬಾರ್ಟ್ 2018ರ ಡ್ರಾಫ್ಟ್‌ನಲ್ಲಿ ಎರಡನೆಯವನಾಗಿ ಆಯ್ಕೆಯಾದ, ಅಂಥವರು ಅಪರೂಪ.

ಬ್ಯಾಟಿಂಗ್‌ನಲ್ಲಿ ಮೋಸ ಮಾಡುವುದು ಕಾಲೇಜಿನಲ್ಲಿ ಬಳಸುವ ಲೋಹದ ಬ್ಯಾಟ್. ಹಿಡಿಯ ಹತ್ತಿರ ತಾಗಿದ ಚೆಂಡೂ ಇನ್‌ಫೀಲ್ಡ್ ದಾಟಿಬಿಡುತ್ತದೆ. ಮರದ ಬ್ಯಾಟ್ ಆಗಿದ್ದರೆ ಮುರಿಯುತ್ತಿತ್ತು. ಕಾಲೇಜು ಆಟಗಾರರು ಬೇಸಿಗೆಯಲ್ಲಿ ಆಡುವ ಕೇಪ್ ಕಾಡ್ ಲೀಗ್‌ನಲ್ಲಿ ಮರದ ಬ್ಯಾಟೇ ಬಳಸುವುದರಿಂದ ಅಲ್ಲಿನ ಆಟವನ್ನು ಮೊದಲು ಓದಿ. ವಾರದ ನಡುವಿನ ದುರ್ಬಲ ಪಿಚರ್‌ಗಳ ವಿರುದ್ಧ ಬಂದ ಹೋಮ್ ರನ್‌ಗಳನ್ನು ಬದಿಗಿಟ್ಟು, ವಾರಾಂತ್ಯದ ಮೂರು ದಿನದ ಸರಣಿ ಶುರುವಾಗುವ ಶುಕ್ರವಾರದ ಮುಖ್ಯ ಪಿಚರ್ ಎದುರಿನ ಸರದಿಗಳನ್ನು, 93 ಮೈಲಿ ಮೀರಿದ ಪಿಚ್‌ಗಳನ್ನು ಮಾತ್ರ ತೆಗೆದು ನೋಡಿ. ಸ್ಟ್ರೈಕ್ ವಲಯದ ಹೊರಗಿನ ಚೆಂಡಿಗೆ ಎಷ್ಟು ಬೀಸುತ್ತಾನೆ, ಒಳಗಿನ ಚೆಂಡಿಗೆ ಬೀಸಿಯೂ ಎಷ್ಟು ಸಲ ತಾಗಿಸದೆ ಬಿಡುತ್ತಾನೆ ಎನ್ನುವ ಎರಡು ಅಂಕಿ ಸರಾಸರಿಗಿಂತ ಹೆಚ್ಚು ಹೇಳುತ್ತವೆ. ಈ ಸ್ಥಾನದಲ್ಲಿ ಬ್ಯಾಟ್‌ನ ಮಟ್ಟ ಉಳಿದವಕ್ಕಿಂತ ಕೆಳಗಿದೆ. ಆಟಗಾರರನ್ನು ಅಳೆಯುವ 20ರಿಂದ 80ರ ಮಾಪಕದಲ್ಲಿ (50 ಸರಾಸರಿ) 55ರ ಗ್ಲವ್ ಇದ್ದವನಿಗೆ 45ರ ಬ್ಯಾಟ್ ಸಾಕು, ಜೊತೆಗೆ ಹೊಡೆತದ ಬಲವಿದ್ದರೆ. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಕ್ಯಾಚರ್ ಕ್ಯಾಲ್ ರಾಲೀ 2018ರ ಡ್ರಾಫ್ಟ್‌ನ ಮೂರನೇ ಸುತ್ತಿನವರೆಗೂ ಉಳಿದಿದ್ದ. 2025ರಲ್ಲಿ 60 ಹೋಮ್ ರನ್ ಹೊಡೆದ.

ಒಂದೇ ದಿನ ನೋಡಲು ಸಾಧ್ಯವಾದರೆ ಭಾನುವಾರ ಹೋಗಿ. ಶುಕ್ರವಾರ, ಶನಿವಾರ ಕುಕ್ಕರಗಾಲಿನಲ್ಲಿ ಕೂತವನ ಕಾಲು ಮೂರನೇ ದಿನದ ಏಳನೇ ಇನ್ನಿಂಗ್ಸ್‌ನಲ್ಲಿ ನಿಜ ಹೇಳುತ್ತದೆ. ಮೈ ಬಳಸಿ ತಡೆಯುತ್ತಿದ್ದವನು ಗ್ಲವ್ ಚಾಚಲು ಶುರುಮಾಡುತ್ತಾನೆ, ಎಸೆತ ಎರಡನೇ ಬೇಸ್‌ನ ಬಲಕ್ಕೆ ಹೊರಳುತ್ತದೆ, ಒಳಬದಿಯ ವೇಗದ ಚೆಂಡಿಗೆ ಬ್ಯಾಟ್ ತಡವಾಗುತ್ತದೆ. ಶುಕ್ರವಾರ ಬರೆದ ಅಂಕಗಳನ್ನು ಆಗ ತೆರೆದು, ಒಂದೊಂದರ ಪಕ್ಕದಲ್ಲೂ ಭಾನುವಾರದ ಅಂಕ ಬರೆಯಿರಿ.